ತಣ್ಣನೆ ಹಾಲು ಇಟ್ಟರೆ ಸಾಕೇ?

ತೆನಾಲಿ ರಾಮನ ಬೆಕ್ಕಿನ ಕತೆ ನಿಮಗೆ ಗೊತ್ತಿರುತ್ತದೆ. ವಿಜಯನಗರದಲ್ಲಿ ಇಲಿ ಕಾಟ ಜಾಸ್ತಿಯಾಗಿ, ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆ ಅಂತ ಒಂದು ಹಸು ಕೊಡಿಸುತ್ತಾನೆ. ರಾಮ ಮೊದಲ ದಿನವೇ ಬೆಕ್ಕಿನ ಮುಂದೆ ಕುದಿಯುವ ಹಾಲು ಇಡುತ್ತಾನೆ. ಬೆಕ್ಕು ಬಾಯಿ ಸುಟ್ಟುಕೊಳ್ಳುತ್ತದೆ. ಆಮೇಲೆ ಹಾಲು ಕಂಡರೆ ಸಾಕು, ಓಟ. ಹಸುವಿನ ಹಾಲೆಲ್ಲ ರಾಮನ ಮನೆಯವರಿಗೇ. ಆಸ್ಥಾನ ನಗುತ್ತದೆ, ಕತೆ ಮುಗಿಯುತ್ತದೆ.

ನನಗೆ ಕತೆ ಶುರುವಾಗುವುದೇ ಅಲ್ಲಿಂದ. ಆ ಬೆಕ್ಕಿಗೆ ನಾಳೆಯಿಂದ ದಿನಾ ತಣ್ಣನೆ ಹಾಲು ಇಟ್ಟರೆ? ಯಾವತ್ತೋ ಒಂದು ದಿನ ಹತ್ತಿರ ಬಂದು ಕುಡಿಯಿತು ಅನ್ನಿ. ಬಿಸಿ ಹಾಲಿನ ನೆನಪು ಅಳಿಸಿಹೋಯಿತೇ? ಪಕ್ಕದ ಮನೆ ಹಿತ್ತಲಲ್ಲಿ ಹಾಲಿನ ಬಟ್ಟಲು ಕಂಡರೆ ಅಲ್ಲೂ ಕುಡಿಯುತ್ತದೆಯೇ?

ನನ್ನ ಕೆಲಸ ಹೆಚ್ಚುಕಮ್ಮಿ ಇದೇ. ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತೇನೆ. ಮನುಷ್ಯರು ಭಯವನ್ನು ಹೇಗೆ ಕಲಿಯುತ್ತಾರೆ, ಕಲಿತ ಭಯ ಕೆಲವರನ್ನು ಯಾಕೆ ಬಿಡುವುದೇ ಇಲ್ಲ ಅನ್ನುವುದು ವಿಷಯ. ಮದುವೆ ಮನೆಯಲ್ಲಿ ಯಾರಾದರೂ "ಏನ್ ಮಾಡ್ಕೊಂಡಿದ್ದೀಯಮ್ಮ?" ಅಂದಾಗ "ಸೈಕಾಲಜಿ" ಅಂದರೆ ಮುಂದಿನ ಮಾತು ಎರಡರಲ್ಲಿ ಒಂದು. "ಹಾಗಾದ್ರೆ ನಾನೀಗ ಏನು ಯೋಚನೆ ಮಾಡ್ತಿದ್ದೀನಿ ಹೇಳು ನೋಡೋಣ." ಇಲ್ಲವೇ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ನಮ್ಮ ಹುಡುಗನ್ನ ಸ್ವಲ್ಪ ನೋಡ್ತೀಯಾ?" ನಾನು ಡಾಕ್ಟರ್ ಅಲ್ಲ, ಚಿಕಿತ್ಸೆ ಕೊಡುವವಳೂ ಅಲ್ಲ. ಒಂದು ಸಣ್ಣ ಕೋಣೆಯಲ್ಲಿ ಜನರನ್ನು ಕೂರಿಸಿ, ನೀಲಿ ಚೌಕ ತೋರಿಸಿ, ಕೈಗೆ ಕರೆಂಟ್ ಹೊಡೆಸುವವಳು.

ಗಾಬರಿಯಾಗಬೇಡಿ. ಕೋಣೆಯಲ್ಲಿ ಒಂದು ಕುರ್ಚಿ, ಒಂದು ಮಾನಿಟರ್, ಅಷ್ಟೇ. ಬರುವವರಲ್ಲಿ ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು, ಕೊನೆಗೆ ಸಿಗುವ ಗಿಫ್ಟ್ ವೋಚರ್‌ಗೆ ಬಂದವರು. ಸಹಿ ಹಾಕುವ ಮೊದಲು ಯಾರಾದರೂ ಕೇಳಿಯೇ ಕೇಳುತ್ತಾರೆ: "ಸಿನಿಮಾದಲ್ಲಿ ತಲೆಗೆ ಕೊಡ್ತಾರಲ್ಲ, ಆ ಕರೆಂಟಾ ಮೇಡಂ?" ಅದಲ್ಲ. ತಲೆಯ ಹತ್ತಿರವೂ ಹೋಗುವುದಿಲ್ಲ. ಬೇಡ ಅನ್ನಿಸಿದ ಕ್ಷಣ ಎದ್ದು ಹೋಗಬಹುದು, ವೋಚರ್ ಆಗಲೂ ಸಿಗುತ್ತದೆ.

ಎಡಗೈಯ ಎರಡು ಬೆರಳಿಗೆ ಜೆಲ್ ಹಚ್ಚಿ ಎಲೆಕ್ಟ್ರೋಡ್ ಸುತ್ತುತ್ತೇವೆ. ಅದು ಬೆವರು ಅಳೆಯಲು. ಕಣ್ಣಿಗೆ ಕಾಣುವ ಬೆವರಲ್ಲ. ಮನಸ್ಸು ಚೂರು ಎಚ್ಚರಗೊಂಡರೂ ಬೆರಳ ತುದಿಯ ಬೆವರಿನ ಗ್ರಂಥಿಗಳು ಕೆಲಸ ಶುರು ಮಾಡುತ್ತವೆ, ಚರ್ಮದಲ್ಲಿ ವಿದ್ಯುತ್ ಹರಿಯುವುದು ಒಂಚೂರು ಸುಲಭವಾಗುತ್ತದೆ. ಆ ಒಂಚೂರನ್ನು ಯಂತ್ರ ಹಿಡಿದು ಏರಿಳಿಯುವ ಗೆರೆಯಾಗಿ ಬರೆಯುತ್ತದೆ. ಬಲಗೈ ಮಣಿಕಟ್ಟಿಗೆ ಇನ್ನೊಂದು ಜೋಡಿ, ಅದು ಶಾಕ್‌ಗೆ. ಎಷ್ಟು ಜೋರು ಇರಬೇಕು ಅನ್ನುವುದನ್ನು ಕೂತವರೇ ಹೇಳಬೇಕು. ಕಡಿಮೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತೇವೆ. ನೋವಾಗಬಾರದು, ಆದರೆ "ಇನ್ನೊಂದು ಸಲ ಬೇಡಪ್ಪ" ಅನ್ನಿಸಬೇಕು, ಅಲ್ಲಿಗೆ ನಿಲ್ಲಿಸುತ್ತೇವೆ. ಕೆಲವು ಹುಡುಗರು ಸುಮ್ನೆ ಗತ್ತು ತೋರಿಸಲು "ಇನ್ನೂ ಏರಿಸಿ ಮೇಡಂ" ಅನ್ನುತ್ತಾರೆ. ಯಂತ್ರದ ಗೆರೆ ಬೇರೆಯೇ ಹೇಳುತ್ತಿರುತ್ತದೆ.

ಆಮೇಲೆ ಪರದೆಯ ಮೇಲೆ ಒಮ್ಮೆ ನೀಲಿ ಚೌಕ, ಒಮ್ಮೆ ಹಳದಿ ಚೌಕ. ನೀಲಿ ಬಂದಾಗ ಕೆಲವು ಸಲ ಶಾಕ್ ಹೊಡೆಯುತ್ತದೆ. ಹಳದಿ ಬಂದಾಗ ಯಾವತ್ತೂ ಇಲ್ಲ. ಕೆಲವೇ ಸುತ್ತಿನಲ್ಲಿ ನೀಲಿ ಕಂಡ ಒಂದೆರಡು ಸೆಕೆಂಡಿಗೆ ಗೆರೆ ಮೇಲಕ್ಕೆ ಹೋಗಲು ಶುರುವಾಗುತ್ತದೆ. ಶಾಕ್ ಹೊಡೆಯಲೇಬೇಕು ಅಂತಲೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಎಲಿಜಬೆತ್ ಫೆಲ್ಪ್ಸ್ ಅವರ ತಂಡ 2001ರಲ್ಲೇ ಇದನ್ನು ತೋರಿಸಿತ್ತು. ಈ ಬಣ್ಣಕ್ಕೆ ಶಾಕ್ ಬರಬಹುದು ಅಂತ ಬಾಯಲ್ಲಿ ಹೇಳಿದ್ದು ಬಿಟ್ಟರೆ ಒಂದು ಶಾಕೂ ಕೊಟ್ಟಿರಲಿಲ್ಲ. ಬೆವರು ಬಂತು, ಮೆದುಳೂ ಎಚ್ಚರಗೊಂಡಿತು. ಅಜ್ಜಿ ಹೇಳಿದ ಗುಮ್ಮನಿಗೆ ಹೆದರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಎರಡನೇ ಹಂತದಲ್ಲಿ ಶಾಕ್ ಬಂದ್. ನೀಲಿ ಬರುತ್ತದೆ, ಏನೂ ಆಗುವುದಿಲ್ಲ. ಮತ್ತೆ ಬರುತ್ತದೆ, ಮತ್ತೆ ಏನೂ ಇಲ್ಲ. ಗೆರೆ ನಿಧಾನಕ್ಕೆ ಚಪ್ಪಟೆಯಾಗುತ್ತದೆ. ಕೂತವರಿಗೆ ಬೋರು, ಕೆಲವರು ಆಕಳಿಸುತ್ತಾರೆ. ಭಯ ಹೋಯಿತು ಅಂತ ಯಾರಾದರೂ ಹೇಳಿಯಾರು. ಮಾರನೇ ದಿನ ಅದೇ ಹುಡುಗ ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಎಲೆಕ್ಟ್ರೋಡ್ ಕಟ್ಟುತ್ತೇವೆ. ನೀಲಿ ಚೌಕ ಬರುತ್ತದೆ. ಗೆರೆ ಮತ್ತೆ ಮೇಲಕ್ಕೆ.

ನನ್ನ ಪಿಎಚ್‌ಡಿ ಪೂರ್ತಿ ಆ ಮಾರನೇ ದಿನದ ಮೇಲೆ ನಿಂತಿದೆ.

ಇದನ್ನು ಮೊದಲು ಕಂಡದ್ದು ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್. ಗಂಟೆ, ನಾಯಿ, ಜೊಲ್ಲು ಅಂತ ಶಾಲೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿದೆ. ಸದ್ದು ಮಾಡಿ ಊಟ ಕೊಡದೇ ಇದ್ದರೆ ಜೊಲ್ಲು ನಿಲ್ಲುತ್ತದೆ. ಆದರೆ ನಾಯಿಯನ್ನು ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಟ್ಟು ಮತ್ತೆ ಸದ್ದು ಮಾಡಿದರೆ ನಿಂತಿದ್ದ ಜೊಲ್ಲು ತಾನಾಗಿ ವಾಪಸ್ ಬರುತ್ತಿತ್ತು. ಅಂದರೆ ಹಳೆಯ ಪಾಠ ಅಳಿಸಿರಲಿಲ್ಲ, ಅದರ ಮೇಲೆ ಇನ್ನೊಂದು ಪಾಠ ಕೂತಿತ್ತು ಅಷ್ಟೇ.

ಪಾವ್ಲೊವ್ ಕತೆಯಲ್ಲಿ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಭಾಗವಿದೆ. 1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ದೊಡ್ಡ ಪ್ರವಾಹ ಬಂತು. ನಾಯಿಗಳಿದ್ದ ಕಟ್ಟಡಕ್ಕೆ ನೀರು ನುಗ್ಗಿತು. ಪಂಜರದೊಳಗೆ ನೀರು ಏರುತ್ತ ಏರುತ್ತ ನಾಯಿಗಳು ಮೂಗು ಮೇಲೆತ್ತಿಕೊಂಡು ತೇಲುತ್ತಿದ್ದವು. ಕೆಲಸಗಾರರು ಹೋಗಿ, ನೀರಿನಲ್ಲೇ ಈಜಿಸಿಕೊಂಡು ಅವನ್ನು ಲ್ಯಾಬ್‌ಗೆ ಸಾಗಿಸಿದರು. ನಾಯಿಗಳು ಉಳಿದವು. ಆದರೆ ಕೆಲವು ನಾಯಿಗಳಲ್ಲಿ ಹಿಂದೆ ಕಲಿಸಿದ್ದೆಲ್ಲ ಕೆಟ್ಟುಹೋಗಿತ್ತು. ನಿಧಾನವಾಗಿ ಅದು ಸರಿಯಾದ ಮೇಲೆ ಒಂದು ನಾಯಿ ಇದ್ದ ಕೋಣೆಯ ಬಾಗಿಲ ಕೆಳಗಿನಿಂದ ಒಂದಿಷ್ಟು ನೀರು ಹರಿಯಲು ಬಿಟ್ಟರು. ನಾಯಿ ತತ್ತರಿಸಿಹೋಯಿತು. ಕಲಿತದ್ದು ಮತ್ತೆ ಕೆಟ್ಟಿತು.

ಅದು ಪಿಟಿಎಸ್‌ಡಿ ಅನ್ನುವ ಹೆಸರು, ಅಂದರೆ ಆಘಾತ ಮುಗಿದ ಮೇಲೂ ಅದರ ಭಯ ಬಿಡದೆ ಕಾಡುವ ಕಾಯಿಲೆಗೆ ಈಗಿರುವ ಹೆಸರು, ಇಲ್ಲದ ಕಾಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ನೋಡಿ, ಅವರ ಪರ ಗಲಾಟೆ ಆಗಿ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಆ ಹೆಸರು ಸೇರಿದ್ದು 1980ರಲ್ಲಿ. ಆದರೆ ಬಾಗಿಲ ಕೆಳಗಿನ ಆ ನೀರನ್ನು ಓದಿದಾಗ ನನಗೆ ನೆನಪಾಗುವುದು ವಿಯೆಟ್ನಾಂ ಅಲ್ಲ, ಕೊಡಗು.

ನನ್ನ ಚಿಕ್ಕಪ್ಪ ಮಡಿಕೇರಿ ತಾಲ್ಲೂಕಿನ ಒಂದು ಕಾಫಿ ಎಸ್ಟೇಟ್‌ನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. 2018ರ ಆಗಸ್ಟ್ ತಿಂಗಳ ಭೂಕುಸಿತ ನೆನಪಿದೆಯಲ್ಲ, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅಂತ ದಿನಾ ಟಿವಿಯಲ್ಲಿ ಬರುತ್ತಿತ್ತು. ಚಿಕ್ಕಪ್ಪನ ಮನೆ ಬೀಳಲಿಲ್ಲ. ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿದು ದನದ ಕೊಟ್ಟಿಗೆಯನ್ನು ತಳ್ಳಿಕೊಂಡು ಅಡುಗೆಮನೆ ಗೋಡೆಗೆ ಬಂದು ನಿಂತಿತು. ಮನೆಯಲ್ಲಿ ಆಗ ಇದ್ದದ್ದು ಚಿಕ್ಕಮ್ಮ ಒಬ್ಬರೇ. ಪರಿಹಾರ ಕೇಂದ್ರದಲ್ಲಿ ಸ್ವಲ್ಪ ದಿನ ಇದ್ದು ಆಮೇಲೆ ಮೈಸೂರಿಗೆ ಮಗಳ ಮನೆಗೆ ಬಂದರು.

ಮೈಸೂರಿನಲ್ಲಿ ಮೊದಮೊದಲು ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ. ಹೊಸ ಬಡಾವಣೆಯಾದ್ದರಿಂದ ಸುತ್ತ ಮನೆ ಕಟ್ಟುತ್ತಿದ್ದರು. ಟಿಪ್ಪರ್ ಬಂದು ಜಲ್ಲಿ ಸುರಿದರೆ ಚಿಕ್ಕಮ್ಮ ಎಲ್ಲಿದ್ದರೂ ಎದ್ದು ಹೊರಗೆ ಓಡುತ್ತಿದ್ದರು. ಒಮ್ಮೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತವರು, ಬಿಚ್ಚಿದ ಕೂದಲಲ್ಲೇ ರಸ್ತೆಗೆ ಹೋಗಿ ನಿಂತಿದ್ದರಂತೆ. ಕೊಡಗಿನಲ್ಲಿ ಮಣ್ಣು ಜಾರಿದ ಸದ್ದಿಗೆ ಹುಟ್ಟಿದ ಭಯ ಮೈಸೂರಿನ ಜಲ್ಲಿಯ ಸದ್ದಿಗೂ ಬಂದು ಅಂಟಿಕೊಂಡಿತ್ತು. ನಾನು ಓದಿದ್ದೆಲ್ಲ ಕಣ್ಣ ಮುಂದೆ.

ಮೈಸೂರಿನ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದರು. ಮೊದಲು ಚಿಕ್ಕಮ್ಮ ಒಪ್ಪಲಿಲ್ಲ. "ನನಗೇನು ತಲೆ ಕೆಟ್ಟಿದೆಯಾ?" ಅಂತ ಮಾಮೂಲು ಜಗಳ. ಒಂದು ಸಲ ಹೋದ ಮೇಲೆ ತಾವೇ ಹೋಗತೊಡಗಿದರು. ತಿಂಗಳುಗಳು ಕಳೆದಂತೆ ನಿದ್ದೆ ಬಂತು, ಟಿಪ್ಪರ್ ಸದ್ದಿಗೆ ಬೆಚ್ಚಿದರೂ ಓಡುವುದು ನಿಂತಿತು. ಮೈಸೂರಿನ ಮಳೆಗೆ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿದರು. ಮಗಳು ಫೋಟೋ ಕೂಡ ಕಳಿಸಿದ್ದಳು. ಗುಣವಾದರು ಅಂತ ಎಲ್ಲರಿಗೂ ಸಮಾಧಾನ.

ಮಾರನೇ ವರ್ಷ ಜೂನ್‌ನಲ್ಲಿ ಊರಿಗೆ ಹೋದರು. ಶೀಟಿನ ಮೇಲೆ ಮೊದಲ ಮಳೆ ಬಿದ್ದ ರಾತ್ರಿ ಎಲ್ಲ ವಾಪಸ್. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: "ಮೈಸೂರಲ್ಲಿ ಚೆನ್ನಾಗೇ ಇದ್ದೆ ಮಾರಾಯ್ತಿ. ಅಲ್ಲಿ ಕಲ್ತದ್ದೆಲ್ಲ ಅಲ್ಲೇ ಬಿಟ್ಟು ಬಂದ ಹಾಗಾಯ್ತು."

ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ಬೌಟನ್ ತಮ್ಮ ಜೀವಮಾನದ ಕೆಲಸದಲ್ಲಿ ತೋರಿಸಿದ್ದು ಅದನ್ನೇ. ಅವರ ಇಲಿಗಳು ಒಂದು ಪೆಟ್ಟಿಗೆಯಲ್ಲಿ ಭಯ ಕಲಿಯುತ್ತವೆ. ವಾಸನೆ, ಗೋಡೆ, ನೆಲ ಎಲ್ಲ ಬೇರೆ ಇರುವ ಎರಡನೇ ಪೆಟ್ಟಿಗೆಯಲ್ಲಿ ಆ ಭಯ ಇಳಿಸುತ್ತಾರೆ. ಮೊದಲನೇ ಪೆಟ್ಟಿಗೆಗೆ ವಾಪಸ್ ಹಾಕಿದರೆ ಭಯ ಮರಳುತ್ತದೆ. ಇದು ಊಹಿಸಬಹುದಾದದ್ದೇ. ಆದರೆ ಇಲಿ ಹಿಂದೆಂದೂ ನೋಡಿರದ ಮೂರನೇ ಪೆಟ್ಟಿಗೆಗೆ ಹಾಕಿದರೂ ಭಯ ಬರುತ್ತದೆ. ಅಂದರೆ ಕಲಿತ ಭಯ ಹೋದಲ್ಲೆಲ್ಲ ಜೊತೆಗೆ ಬರುತ್ತದೆ, "ಇನ್ನೇನೂ ಆಗಲ್ಲ" ಅನ್ನುವ ಕಲಿಕೆ ಮಾತ್ರ ಕಲಿತ ಜಾಗಕ್ಕೆ ಕಟ್ಟುಬಿದ್ದಿರುತ್ತದೆ. ಕಾಡಿನಲ್ಲಿ ಬದುಕಬೇಕಾದ ಪ್ರಾಣಿಗೆ ಇದು ಸರಿಯಾದ ಏರ್ಪಾಡೇ. ಒಂದು ಪೊದೆಯಲ್ಲಿ ಹುಲಿ ಇಲ್ಲ ಅಂತ ಗೊತ್ತಾದರೆ ಎಲ್ಲ ಪೊದೆಗೂ ಅದನ್ನೇ ನಂಬಬಾರದು. ಮನುಷ್ಯನ ಬದುಕಿಗೆ ಬಂದಾಗ ಇದೇ ಏರ್ಪಾಡು ಗೋಳು ಹುಯ್ದುಕೊಳ್ಳುತ್ತದೆ.

ಇನ್ನೊಂದು ಹಳೆಯ ಕತೆ ಹೇಳಲೇಬೇಕು. 1924ರಲ್ಲೇ ಮೇರಿ ಕವರ್ ಜೋನ್ಸ್ ಅನ್ನುವ ಸಂಶೋಧಕಿ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಭಯ. ಮೊಲಕ್ಕೆ ಹೆದರದ ಬೇರೆ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟು, ಅಲ್ಲಿಗೆ ಮೊಲವನ್ನು ತರುತ್ತ ಹೋದರು. ಕೆಲಸ ಒಳ್ಳೆಯ ದಾರಿಯಲ್ಲಿತ್ತು. ನಡುವೆ ಹುಡುಗನಿಗೆ ಜ್ವರ ಬಂದು ಆಸ್ಪತ್ರೆ ಸೇರಿದ. ಬಿಡುಗಡೆಯಾಗಿ ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿತು. ಲ್ಯಾಬ್‌ಗೆ ಬಂದು ನೋಡಿದರೆ ಮೊಲದ ಭಯ ಶುರುವಿನಲ್ಲಿದ್ದಷ್ಟೇ ಇತ್ತು. ಹಾರಿದ್ದು ನಾಯಿ, ವಾಪಸ್ ಬಂದದ್ದು ಮೊಲದ ಭಯ! ಜೋನ್ಸ್ ಮತ್ತೆ ಮೊದಲಿಂದ ಶುರು ಮಾಡಿ, ಈ ಸಲ ಅವನು ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು ದಿನದಿಂದ ದಿನಕ್ಕೆ ಹತ್ತಿರ ತರುತ್ತ, ಕೊನೆಗೆ ಅವನು ಮೊಲವನ್ನು ಮುದ್ದಿಸುವ ತನಕ ಕರೆದುಕೊಂಡು ಹೋದರು. ಈ ಶಾಸ್ತ್ರದಲ್ಲಿ ಮಗುವಿಗೆ ಭಯ ಕಲಿಸಿದ ಜಾನ್ ವಾಟ್ಸನ್ ಹೆಸರು ಎಲ್ಲರಿಗೂ ಗೊತ್ತು, ಭಯ ಬಿಡಿಸಿದ ಜೋನ್ಸ್ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ.

ಈಗ ಹಳದಿ ಚೌಕಕ್ಕೆ ಬರುತ್ತೇನೆ. ಯಾವತ್ತೂ ಶಾಕ್ ತರದ ಚೌಕ. ಪಿಟಿಎಸ್‌ಡಿ ಇರುವವರು ನೀಲಿಗೆ ವಿಪರೀತ ಹೆದರುತ್ತಾರೆ ಅಂತ ನೀವು ಅಂದುಕೊಂಡಿರಬಹುದು. ಆದರೆ ನೀಲಿಗೆ ಎಲ್ಲರೂ ಹೆದರುತ್ತಾರೆ, ಹೆದರಬೇಕಾದದ್ದೇ. ಆತಂಕದ ಕಾಯಿಲೆ ಇರುವವರ ಮೇಲೆ ನಡೆದ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎದ್ದು ಕಂಡದ್ದು ಹಳದಿ. ಅವರ ಗೆರೆ ಹಳದಿಗೂ ಏರುತ್ತದೆ. ಹಳದಿ ಬಂದಾಗ ಏನೂ ಆಗುವುದಿಲ್ಲ ಅಂತ ಕೇಳಿದರೆ ಬಾಯಲ್ಲಿ ಸರಿಯಾಗೇ ಹೇಳುವವರೂ ಇರುತ್ತಾರೆ. ಬೆರಳು ಒಪ್ಪುವುದಿಲ್ಲ. ಹಾಗಾಗಿ "ಅಲ್ಲಿ ಏನೂ ಇಲ್ಲ, ಧೈರ್ಯವಾಗಿರು" ಅನ್ನುವ ಬುದ್ಧಿಮಾತು ಇಂಥವರ ಮೇಲೆ ಕೆಲಸ ಮಾಡುವುದಿಲ್ಲ. ಅಲ್ಲಿ ಏನೂ ಇಲ್ಲ ಅನ್ನುವುದು ಅವರಿಗೆ ಗೊತ್ತೇ ಇದೆ.

ತಲೆಯೊಳಗೆ ಏನಾಗುತ್ತದೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. "ಮೆದುಳಿನ ಅಮಿಗ್ಡಲಾ ಅಂದರೆ ಭಯದ ಕೇಂದ್ರ" ಅಂತ ವಾಟ್ಸಾಪ್‌ನಲ್ಲೂ ಬರುತ್ತದೆ. ಅಷ್ಟು ಸಲೀಸಲ್ಲ. ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲಾ ಕಳೆದುಕೊಂಡ ಅಮೆರಿಕದ ಒಬ್ಬ ಮಹಿಳೆ ಹಾವನ್ನೂ ಕೈಯಲ್ಲಿ ಹಿಡಿಯುತ್ತಿದ್ದರು. ಅದೇ ಮಹಿಳೆಗೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವ ಗಾಳಿ ಉಸಿರಾಡಲು ಕೊಟ್ಟಾಗ ಗಾಬರಿಯಿಂದ ಸಹಾಯಕ್ಕೆ ಕೂಗಿಕೊಂಡರು. ಆ ವರದಿ ಬಂದದ್ದು 2013ರಲ್ಲಿ. ಹೊರಗಿನ ಅಪಾಯಕ್ಕೆ ಅಮಿಗ್ಡಲಾ ಬೇಕು, ಉಸಿರು ಕಟ್ಟಿದ ಭಯಕ್ಕೆ ಬೇಕಿಲ್ಲ. ಜಾಗದ ಗುರುತು ಹಿಡಿಯುವುದು ಮೆದುಳಿನ ಇನ್ನೊಂದು ಭಾಗ, ಹಿಪೊಕ್ಯಾಂಪಸ್. ಹಣೆಯ ಹಿಂದೆ, ಕೆಳಭಾಗದಲ್ಲಿರುವ ಒಂದು ತುಣುಕು "ಇಲ್ಲಿ ಪರವಾಗಿಲ್ಲ" ಅಂತ ಅಮಿಗ್ಡಲಾವನ್ನು ತಡೆಯುತ್ತದೆ. ಪಿಟಿಎಸ್‌ಡಿ ಇರುವವರಲ್ಲಿ ಈ ತಡೆ ದುರ್ಬಲ.

ಇದರಲ್ಲಿ ಬೆಂಗಳೂರಿಗೂ ಪಾಲಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ನಿಮ್ಹಾನ್ಸ್‌ನವರ ಜೊತೆ ಸೇರಿ 2002ರಲ್ಲಿ ಒಂದು ವಿಷಯ ಪ್ರಕಟಿಸಿತು. ಇಲಿಗಳನ್ನು ದಿನಾ ಎರಡು ಗಂಟೆಯಂತೆ 10 ದಿನ ಅಲುಗಾಡದ ಹಾಗೆ ಹಿಡಿದಿಟ್ಟರೆ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲು ಕುಗ್ಗುತ್ತದೆ, ಅಮಿಗ್ಡಲಾದ ಕೋಶಗಳ ಕವಲು ಬೆಳೆಯುತ್ತದೆ. ಒತ್ತಡ ಅಂದರೆ ಮೆದುಳು ಸವೆಯುತ್ತದೆ ಅಂತಷ್ಟೇ ನಂಬಿದ್ದವರಿಗೆ ಇದು ಹೊಸತು. ಮುಂದೆ 21 ದಿನ ಆರಾಮಾಗಿ ಬಿಟ್ಟಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲಾ ಬೆಳೆದದ್ದು ಬೆಳೆದ ಹಾಗೇ ಇತ್ತು.

ಅದಕ್ಕಿಂತ ನನ್ನನ್ನು ಹಿಡಿದದ್ದು ಅದೇ ತಂಡದ 2005ರ ಪ್ರಯೋಗ. ಈ ಸಲ ಒಂದೇ ಒಂದು ಬಾರಿ, ಎರಡು ಗಂಟೆ. ಮಾರನೇ ದಿನ ನೋಡಿದರೆ ಅಮಿಗ್ಡಲಾದಲ್ಲಿ ಏನೂ ಬದಲಾಗಿಲ್ಲ, ಇಲಿಯ ಆತಂಕವೂ ಹೆಚ್ಚಾಗಿಲ್ಲ. 10ನೇ ದಿನ ನೋಡಿದರೆ ಹೊಸ ಸಂಪರ್ಕದ ಮೊಳಕೆಗಳು ಹೆಚ್ಚಾಗಿದ್ದವು, ಇಲಿಗಳು ಬಯಲಿಗೆ ಬರಲು ಹಿಂಜರಿಯುತ್ತಿದ್ದವು. ಆ 10 ದಿನ ಹೊರಗೆ ಏನೂ ನಡೆದಿರಲಿಲ್ಲ. ದುರಂತ ನಡೆದ ವಾರ ಗಟ್ಟಿಯಾಗಿ ಓಡಾಡಿ, ಎಲ್ಲರಿಗೂ ಅನ್ನ ಬಡಿಸಿ, ತಿಂಗಳ ಮೇಲೆ ಕುಸಿದು ಕೂರುವವರನ್ನು ನೋಡಿ "ಆಗ ಇಲ್ಲದ್ದು ಈಗೇನು ನಾಟಕ?" ಅನ್ನುವವರು ನಮ್ಮಲ್ಲಿ ಬಹಳ. ಇಲಿ ಯಾರ ಮುಂದೆಯೂ ನಾಟಕ ಮಾಡುವುದಿಲ್ಲ.

ಇಷ್ಟಾದರೂ ನನ್ನ ಚೌಕಗಳ ಬಗ್ಗೆ ನನಗೇ ಗುಮಾನಿ ಇದೆ. ವೋಚರ್‌ಗೆ ಬಂದು, ತಾನೇ ಆರಿಸಿಕೊಂಡ ಶಾಕ್ ತಿಂದು, ಕ್ಯಾಂಟೀನ್‌ಗೆ ಹೋಗಿ ಮಸಾಲೆ ದೋಸೆ ತಿನ್ನುವವನ ಭಯ ಎಲ್ಲಿ, ಚಿಕ್ಕಮ್ಮನ ಭಯ ಎಲ್ಲಿ? ನನ್ನ ಕೋಣೆಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಭಯ ಕಲಿಯುತ್ತಾರೆ. ಹೊರಗೆ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಶೇ 70ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಆಘಾತ ಕಾಣುತ್ತಾರೆ, ಅವರಲ್ಲಿ ಪಿಟಿಎಸ್‌ಡಿ ಆಗುವುದು ಶೇ 5.6 ಮಂದಿಗೆ. ಉಳಿದವರು ಹೇಗೋ ದಾಟುತ್ತಾರೆ. ಯಾಕೆ ಕೆಲವರಿಗೇ ಅನ್ನುವುದಕ್ಕೆ ಒಂದು ಸುಳಿವು ಅವಳಿ ಸೋದರರಿಂದ ಬಂತು. ವಿಯೆಟ್ನಾಂನಲ್ಲಿ ಹೋರಾಡಿ ಪಿಟಿಎಸ್‌ಡಿ ಆದವರ ಹಿಪೊಕ್ಯಾಂಪಸ್ ಚಿಕ್ಕದಿತ್ತು. ಯುದ್ಧಕ್ಕೆ ಹೋಗದೆ ಮನೆಯಲ್ಲೇ ಇದ್ದ ಅವರ ಅವಳಿಗಳದ್ದೂ ಚಿಕ್ಕದೇ ಇತ್ತು! 2002ರ ಈ ಅಧ್ಯಯನ ಹೇಳುವಂತೆ ಕೆಲವರು ಹೊರಡುವಾಗಲೇ ಚೂರು ಹಿಂದಿರುತ್ತಾರೆ. ಅದು ಪೂರ್ತಿ ಉತ್ತರ ಅಂತೂ ಅಲ್ಲ.

ಮತ್ತೆ, ಆಘಾತದಲ್ಲಿ ಭಯ ಒಂದೇ ಇರುವುದಿಲ್ಲ. ನಾಚಿಕೆ, ಸಿಟ್ಟು, "ನಾನು ಅವತ್ತು ಹಾಗೆ ಮಾಡಿದ್ದರೆ" ಅನ್ನುವ ಕೊರಗು, ಇದ್ಯಾವುದನ್ನೂ ಚೌಕ ಹಿಡಿಯುವುದಿಲ್ಲ. ದಿನಾ ಹೊಡೆಯುವ ಗಂಡನ ಮನೆಯಲ್ಲೇ ಇರುವ ಹೆಂಗಸಿಗೆ ಬೈಕ್ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುವುದು ಕಾಯಿಲೆ ಅಲ್ಲ. ಅವಳ ಭಯ ಸರಿಯಾಗೇ ಲೆಕ್ಕ ಹಾಕಿದೆ. ಅಲ್ಲಿ ಬದಲಾಗಬೇಕಾದದ್ದು ಅವಳ ಅಮಿಗ್ಡಲಾ ಅಲ್ಲ. ಕೊಡಗಿನ ವಿಷಯವೂ ಸ್ವಲ್ಪ ಹೀಗೇ. 2019ರಲ್ಲಿ ತೋರದಲ್ಲಿ ಗುಡ್ಡ ಜಾರಿತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. "ಮಳೆಗೆ ಹೆದರಬೇಡಿ" ಅಂತ ಚಿಕ್ಕಮ್ಮನಿಗೆ ಯಾವ ಬಾಯಲ್ಲಿ ಹೇಳುವುದು?

"ಇದನ್ನೆಲ್ಲ ಅಳಿಸಿಹಾಕೋ ಮಾತ್ರೆ ಇಲ್ವಾ?" ಅಂತ ಕೇಳುವವರೂ ಇದ್ದಾರೆ. ಒಂದು ಕಾಲಕ್ಕೆ ಸಿಕ್ಕೇಬಿಟ್ಟಿತು ಅನ್ನಿಸಿತ್ತು. 2000ದಲ್ಲಿ ಕರೀಮ್ ನಾಡರ್, ಜೋಸೆಫ್ ಲೆಡೂ ಅವರ ಲ್ಯಾಬ್‌ನಲ್ಲಿ ಇಲಿಗೆ ಹಳೆಯ ಭಯ ನೆನಪಿಸಿ, ಆ ಹೊತ್ತಿಗೆ ಅಮಿಗ್ಡಲಾಕ್ಕೆ ಒಂದು ಔಷಧಿ ಹಾಕಿದಾಗ ಭಯ ಮತ್ತೆ ಕಾಣಿಸಲೇ ಇಲ್ಲ. ನೆನಪಾದ ಗಳಿಗೆಯಲ್ಲಿ ನೆನಪು ಸಡಿಲವಾಗುತ್ತದೆ, ಮತ್ತೆ ಗಟ್ಟಿಯಾಗುವ ಮೊದಲು ಅದನ್ನು ಹಿಡಿಯಬಹುದು ಅನ್ನುವುದು ಲೆಕ್ಕ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೆರೆಲ್ ಕಿಂಟ್ ಅವರ ತಂಡ ಮನುಷ್ಯರಿಗೆ ಪ್ರೊಪ್ರನೊಲಾಲ್ ಅನ್ನುವ ಮಾಮೂಲಿ ಬಿಪಿ ಮಾತ್ರೆ ಕೊಟ್ಟು ಇದೇ ಥರದ ಫಲ ತೋರಿಸಿತು. ಯಾವ ಚಿತ್ರಕ್ಕೆ ಶಾಕ್ ಬರುತ್ತಿತ್ತು ಅನ್ನುವುದು ಜನರಿಗೆ ನೆನಪಿತ್ತು, ಬೆಚ್ಚುವುದು ಮಾತ್ರ ಹೋಗಿತ್ತು. ಆಮೇಲೆ ಬೇರೆ ಬೇರೆ ಕಡೆ ಮಾಡಿದಾಗ ಕೆಲವರಿಗೆ ಅದೇ ಫಲ ಬಂತು, ಹಲವರಿಗೆ ಬರಲಿಲ್ಲ. ಯಾವಾಗ ನೆನಪು ಸಡಿಲವಾಗುತ್ತದೆ, ಯಾವಾಗ ಆಗುವುದಿಲ್ಲ ಅನ್ನುವುದೇ ಕೈಗೆ ಸಿಗುತ್ತಿಲ್ಲ. ನನಗೆ ಇದರ ಮೇಲೆ ಆಸೆ ಇದೆ, ನಂಬಿಕೆ ಇನ್ನೂ ಬಂದಿಲ್ಲ.

ಸದ್ಯಕ್ಕೆ ಗಟ್ಟಿಯಾಗಿ ನಿಂತಿರುವುದು ಹಳೆಯ ದಾರಿಯೇ, ಮೇರಿ ಕವರ್ ಜೋನ್ಸ್ ಹಿಡಿದದ್ದು. ಎಡ್ನಾ ಫೋವಾ ಫಿಲಡೆಲ್ಫಿಯಾದಲ್ಲಿ ಅತ್ಯಾಚಾರಕ್ಕೆ ಒಳಗಾದ ಮಹಿಳೆಯರ ಜೊತೆ ಕೆಲಸ ಮಾಡುತ್ತ ಇದನ್ನು ಒಂದು ಪದ್ಧತಿಯಾಗಿ ಕಟ್ಟಿದರು. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ 90 ನಿಮಿಷ. ನಡೆದದ್ದನ್ನು ಕಣ್ಣು ಮುಚ್ಚಿ, ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳಬೇಕು. ಅದರ ರೆಕಾರ್ಡಿಂಗ್ ಮನೆಯಲ್ಲಿ ಕೇಳಬೇಕು. ತಪ್ಪಿಸಿಕೊಂಡು ಓಡಾಡುತ್ತಿದ್ದ ಜಾಗಗಳಿಗೆ ಒಂದೊಂದಾಗಿ ಹೋಗಬೇಕು. ಕೇಳಲು ಕ್ರೂರ. ಚಿಕ್ಕಮ್ಮ ಎರಡನೇ ಭೇಟಿಯ ಮೇಲೆ ಮಗಳಿಗೆ "ನಿನ್ನ ಸೈಕಾಲಜಿಸ್ಟ್‌ಗೆ ಕರುಣೆ ಇಲ್ಲ" ಅಂದಿದ್ದರು.

ಊರಿನಲ್ಲಿ ಎಲ್ಲ ವಾಪಸ್ ಬಂದ ಮೇಲೆ ಆ ಸೈಕಾಲಜಿಸ್ಟೇ ಫೋನಿನಲ್ಲಿ ಎರಡನೇ ಸುತ್ತು ಶುರು ಮಾಡಿದರು. ಮೈಸೂರಿನಲ್ಲಿ ಕಲಿತದ್ದನ್ನು ಈಗ ಅಲ್ಲೇ, ಮಳೆಯಲ್ಲೇ ಕಲಿಯಬೇಕು. ಮೊದಲು ಹಗಲು ಮಳೆ, ಆಮೇಲೆ ರಾತ್ರಿ ಮಳೆ. ಮೊದಲು ಜಗಲಿ, ಆಮೇಲೆ ಅಡುಗೆಮನೆ, ಕೊನೆಗೆ ಹಿಂದಿನ ಬರೆಯ ಪಕ್ಕ. ಪ್ರತಿ ಸಲ ಏನಾಗುತ್ತದೆ ಅಂತ ಮೊದಲೇ ಒಂದು ನೋಟ್‌ಬುಕ್‌ನಲ್ಲಿ ಬರೆಯಬೇಕು, ಏನಾಯಿತು ಅನ್ನುವುದನ್ನು ಆಮೇಲೆ ಅದರ ಕೆಳಗೆ. ಕ್ಯಾಲಿಫೋರ್ನಿಯಾದ ಮಿಶೆಲ್ ಕ್ರಾಸ್ಕ್ ಅವರ ಸಂಶೋಧನೆಯಿಂದ ಬಂದ ಉಪಾಯ ಇದು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರವೇ ಕಲಿಸುತ್ತದೆ ಅನ್ನುವುದು ಅವರ ವಾದ.

ನಿಜವಾದ ಅಪಾಯದ ಪ್ರಶ್ನೆಗೆ ದಾರಿ ಚಿಕ್ಕಪ್ಪನ ಕಡೆಯಿಂದಲೇ ಸಿಕ್ಕಿತು. ಎಸ್ಟೇಟ್ ರೈಟರ್‌ಗಳು ದಿನಾ ಬೆಳಿಗ್ಗೆ ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಕೊಡಗಿನಲ್ಲಿ ಮಳೆಯ ಮಾತು ಇವತ್ತಿಗೂ ಇಂಚಿನಲ್ಲೇ. ಆ ಕೆಲಸವನ್ನು ಚಿಕ್ಕಮ್ಮನಿಗೆ ಒಪ್ಪಿಸಿದರು. ಗಾಜಿನ ಅಳತೆ ಕೊಳವೆಗೆ ನೀರು ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಗೆರೆ ನೋಡಿ ಬರೆಯುವುದು. ಮೊದಲು ಗಂಟೆಗೊಂದು ಸಲ ನೋಡುತ್ತಿದ್ದರು. ಹಾಗೆ ನೋಡುವುದೂ ಭಯದ ಸೇವೆಯೇ ಅಂತ ಸೈಕಾಲಜಿಸ್ಟ್ ಒಪ್ಪಲಿಲ್ಲ, ಬೆಳಿಗ್ಗೆ ಒಂದೇ ಸಲ ಅಂತ ಕರಾರು ಮಾಡಿದರು. ರೆಡ್ ಅಲರ್ಟ್ ಘೋಷಣೆಯಾದರೆ ವಾದ ಇಲ್ಲ, ಗಂಟು ಕಟ್ಟಿಕೊಂಡು ಕುಶಾಲನಗರದ ನೆಂಟರ ಮನೆಗೆ. ಉಳಿದ ದಿನ ಎರಡು ಇಂಚು ಅಂದರೆ ಎರಡು ಇಂಚು, ಮಾಮೂಲಿ ಮಳೆ. ಈಗ ಪಕ್ಕದ ಮನೆಯವರು ಫೋನ್ ಮಾಡಿ ಎಷ್ಟು ಇಂಚು ಅಂತ ಚಿಕ್ಕಮ್ಮನನ್ನು ಕೇಳುತ್ತಾರೆ. ಬೆಚ್ಚುವುದು ಇನ್ನೂ ಇದೆ.

ಒಂದು ವಿಷಯದಲ್ಲಿ ಮಾತ್ರ ನನಗೂ ಆ ಸೈಕಾಲಜಿಸ್ಟ್‌ಗೂ ಜಗಳ ಮುಗಿದಿಲ್ಲ. ಶಾಸ್ತ್ರದ ಪ್ರಕಾರ ಚಿಕ್ಕಮ್ಮ ಒಬ್ಬರೇ ಕೂತು ಕಲಿಯಬೇಕು. ಪಕ್ಕದಲ್ಲಿ ಚಿಕ್ಕಪ್ಪ ಇದ್ದರೆ ಏನೂ ಆಗಲಿಲ್ಲ ಅನ್ನುವ ಕೀರ್ತಿ ಚಿಕ್ಕಪ್ಪನಿಗೆ ಹೋಗುತ್ತದೆ, ಮಳೆಯ ಬಗ್ಗೆ ಹೊಸತೇನೂ ಕಲಿತ ಹಾಗಾಗುವುದಿಲ್ಲ. ಪ್ರಯೋಗಗಳು ಇದನ್ನು ತೋರಿಸಿವೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಮನೆಯಲ್ಲಿ ಒಬ್ಬರೇ ಇರುವುದು ಎಷ್ಟು ಹೊತ್ತು? ಮಳೆ ಜೋರಾದರೆ ಎಸ್ಟೇಟ್ ಕೆಲಸಗಾರರ ಲೈನ್ ಮನೆಯ ಹೆಂಗಸರೆಲ್ಲ ಬಂದು ಒಲೆ ಮುಂದೆ ಕೂರುತ್ತಾರೆ. "ಅವಳನ್ನು ಒಬ್ಬಳೇ ಬಿಡಬೇಡಿ" ಅನ್ನುವುದು ಅಲ್ಲಿನವರ ಮೊದಲ ಮಾತು. ಒಬ್ಬರೇ ಕೂತು ಕಲಿತದ್ದು ಒಲೆ ಮುಂದೆ ಕೆಲಸಕ್ಕೆ ಬರುತ್ತದೆಯೇ? ಜೊತೆಯಲ್ಲಿ ಕಲಿತದ್ದು ಯಾರೂ ಇಲ್ಲದ ರಾತ್ರಿ ಉಳಿಯುತ್ತದೆಯೇ? ಇದಕ್ಕೆ ಜಗಳದಲ್ಲಿ ಉತ್ತರ ಸಿಗುವುದಿಲ್ಲ ಅಂತ, ಮುಂದಿನ ಪ್ರಯೋಗಕ್ಕೆ ನಮ್ಮ ಕೋಣೆಯಲ್ಲಿ ಎರಡನೇ ಕುರ್ಚಿ ಹಾಕಿದ್ದೇವೆ. ಭಯ ಇಳಿಸುವ ಹಂತದಲ್ಲಿ ಅರ್ಧ ಜನರ ಪಕ್ಕ ಅವರ ಗೆಳೆಯರೋ ಅಕ್ಕನೋ ಕೂರುತ್ತಾರೆ, ಇನ್ನರ್ಧ ಜನ ಒಬ್ಬರೇ. ಮಾರನೇ ದಿನ ಎಲ್ಲರ ಗೆರೆ ನೋಡಬೇಕು. ಅರ್ಜಿ ಎಥಿಕ್ಸ್ ಕಮಿಟಿ ಮುಂದಿದೆ. ಅವರು ಕೇಳಿದ ಮೊದಲ ಪ್ರಶ್ನೆ: ಪಕ್ಕ ಕೂತವರಿಗೂ ಕರೆಂಟ್ ಹೊಡೆಯುತ್ತದೆಯೇ? ಇಲ್ಲ ಅಂತ ಬರೆದು ಕಳಿಸಿದ್ದೇವೆ. ವೋಚರ್ ಮಾತ್ರ ಇಬ್ಬರಿಗೂ ಕೊಡಬೇಕಾಗುತ್ತದೆ.